ನೀಲಾಳ ನಂಬರಿಗೆ ಇಟ್ಟ ರಿಂಗ್‌ಟೋನ್

ಇಂಥದ್ದನ್ನು ಬೇರೆ ಯಾರಾದರೂ ಹೇಳಿದ್ದರೆ, "ಕಿವಿ ಡಾಕ್ಟರಿಗೆ ತೋರಿಸಿದಿರೇನು?" ಎಂದು ಕೇಳುವವಳು ನಾನೇ. ಕೇಳಿದ್ದೂ ಉಂಟು. ತೀರಿಕೊಂಡ ತಾಯಿ ಉಳವಿಯ ದಾರಿಯಲ್ಲಿ ತಮ್ಮನ್ನು ಹೆಸರು ಹಿಡಿದು ಕರೆದರು ಎಂದು ನಮ್ಮ ಶಾಲೆಯ ಟೀಚರೊಬ್ಬರು ಹೇಳಿದಾಗ ಸ್ಟಾಫ್ ರೂಮೆಲ್ಲ ಗಪ್ಪಾಗಿತ್ತು. ನಾನೊಬ್ಬಳೇ, "ಬಸ್ಸಿನ ಕಿಟಕಿ ಗಾಳಿ ಇರಬೇಕ್ರಿ" ಎಂದು ಚಹಾ ಗುಟುಕರಿಸಿದೆ. ಅವರು ಆಮೇಲೆ ಎಷ್ಟೋ ದಿನ ನನ್ನ ಜೊತೆ ಸರಿಯಾಗಿ ಮಾತಾಡಲಿಲ್ಲ.

ನಾನು ಕಾನ್ವೆಂಟಿನಲ್ಲಿ ಕಲಿತವಳು. ಹಾಸ್ಟೆಲಿನಲ್ಲಿ ಹುಡುಗಿಯರು ಕತ್ತಲೆಗೆ ಹೆದರಿ ಕಿರುಚಿದರೆ ಸಿಸ್ಟರ್ ಬಂದು ಲೈಟ್ ಹಾಕಿ, "ನೌ ಲುಕ್, ಗರ್ಲ್ಸ್" ಎಂದಷ್ಟೇ ಹೇಳಿ ಹೋಗುತ್ತಿದ್ದರು. ನೋಡಿದರೆ ಅಲ್ಲಿ ಒಂದು ಟವೆಲ್ಲೋ ಛತ್ರಿಯೋ ಇರುತ್ತಿತ್ತು. ಎಪ್ಪತ್ತು ದಾಟಿದ ಮೇಲೂ ನಾನು ಹಾಗೆಯೇ, ಮೊದಲು ಲೈಟ್ ಹಾಕಿ ನೋಡುವವಳು. ಈ ಒಂದು ವಿಷಯದಲ್ಲಿ ಮಾತ್ರ ಮೂರು ವರ್ಷದಿಂದ ಲೈಟ್ ಹಾಕಿ ಹಾಕಿ ನೋಡುತ್ತಿದ್ದೇನೆ. ಟವೆಲ್ಲೂ ಕಾಣುತ್ತಿಲ್ಲ, ಛತ್ರಿಯೂ ಕಾಣುತ್ತಿಲ್ಲ.

ವಿಷಯ ಕೇಳಿದರೆ ನಗುತ್ತೀರಿ. ಒಂದು ಮೊಬೈಲ್ ರಿಂಗ್‌ಟೋನು, ಅಷ್ಟೇ. ಆದರೆ ಅದಕ್ಕಿಂತ ಮೊದಲು ನನ್ನ ಹೊಟ್ಟೆಕಿಚ್ಚಿನ ಕತೆ ಹೇಳಬೇಕು. ಫ್ರ್ಯಾಂಕ್ ಆಗಿಯೇ ಹೇಳುತ್ತೇನೆ. ಈ ವಯಸ್ಸಿನಲ್ಲಿ ಯಾರಿಗೆ ಮುಚ್ಚಿಟ್ಟು ಏನಾಗಬೇಕಿದೆ.

ನೀಲಾ ನನ್ನ ಹಾಸ್ಟೆಲಿನ ಗೆಳತಿ. ಹಳಿಯಾಳದ ಕಿರಾಣಿ ವ್ಯಾಪಾರಸ್ಥರ ಮಗಳು. ನಾನು ದಾಂಡೇಲಿಯವಳು. ಇಬ್ಬರ ಮಂಚಗಳೂ ಒಂದಕ್ಕೊಂದು ಹತ್ತಿಕೊಂಡೇ ಇದ್ದವು. ನನಗೆ ಹದಿಮೂರು ವರ್ಷವಿದ್ದಾಗ ಒಂದು ಹಾಡು ಕಟ್ಟಿದೆ. ಮನೆ ನೆನಪಾಗುತ್ತಿತ್ತು, ಮನೆಗಿಂತ ಹೆಚ್ಚಾಗಿ ಕಾಳಿ ಹೊಳೆ ನೆನಪಾಗುತ್ತಿತ್ತು. "ಕಾಳೀ ಹೊಳಿಯೇ, ಒಂದೀಟು ನಿಲ್ಲೇ, ಮಾತೊಂದೈತಿ" ಅಂತ ಶುರು. ಧಾಟಿಯೂ ನನ್ನದೇ. ಸ್ನಾನದ ಸರದಿಗೆ ಬಕೆಟ್ ಹಿಡಿದು ನಿಂತಾಗ ಹುಟ್ಟಿದ ಧಾಟಿ. ಪೇರೆಂಟ್ಸ್ ಡೇ ದಿನ ಹಾಡಿಸುತ್ತೇನೆ ಎಂದು ಸಿಸ್ಟರ್ ಒಪ್ಪಿದರು. ನನ್ನ ಎದೆ ಗುಬ್ಬಿಯ ಎದೆಯ ಹಾಗೆ ಉಬ್ಬಿತ್ತು.

ನೀಲಾ ಭಜನಿ ಮನೆತನದವಳು. ನಮ್ಮ ಕಡೆ ಭಜನಿ ಹಾಡುವ ರೀತಿ ನಿಮಗೆ ಗೊತ್ತಿರಬಹುದು: ಮುಂದೆ ಕೂತವರು ಒಂದು ಸಾಲು ಹೇಳುತ್ತಾರೆ, ಹೇಳಿ ಅಷ್ಟೇ ಜಾಗ ಬಿಡುತ್ತಾರೆ. ಆ ಜಾಗದಲ್ಲಿ ಹಿಂದೆ ಕೂತವರು ಅದೇ ಸಾಲನ್ನು ತಿರುಗಿ ಹೇಳುತ್ತಾರೆ. ಈ ಹಾಡನ್ನೂ ಹಾಗೇ ಹಾಡೋಣ ಎಂದು ನೀಲಾಳೇ ಹೇಳಿದಳು. ಸಿಸ್ಟರ್ ಇಬ್ಬರದೂ ದನಿ ಕೇಳಿದರು. "ನೀಲಾ ವಿಲ್ ಲೀಡ್" ಎಂದರು. ನನ್ನ ಕಡೆ ತಿರುಗಿ, ಪ್ರೀತಿಯಿಂದಲೇ, "ಆ್ಯಂಡ್ ಯು ವಿಲ್ ಫಾಲೋ, ಡಿಯರ್" ಎಂದರು.

ನಾನು ಫಾಲೋ ಮಾಡಿದೆ. ಹಾಡು ನನ್ನದು. ಅದರ ಪ್ರತಿ ಸಾಲೂ ಜನರ ಕಿವಿಗೆ ಮೊದಲು ಬಿದ್ದದ್ದು ಅವಳ ಬಾಯಿಂದ. ನಾನು ಹೇಳುವಷ್ಟರಲ್ಲಿ ಅದು ಹಳೆಯದಾಗಿರುತ್ತಿತ್ತು. ಅವಳ ದನಿ ಹೇಗಿತ್ತು ಎಂದು ಕೇಳುತ್ತೀರಾ? ಚೆನ್ನಾಗಿತ್ತು. ಅದೇ ತೊಂದರೆ. ಕೆಟ್ಟದಾಗಿದ್ದರೆ ಜಗಳವಾಡಬಹುದಿತ್ತು.

ಮದುವೆಯಾದ ಮೇಲೆ, ಹಳಿಯಾಳದಲ್ಲಿ ಅವಳ ಮಗನ ತೊಟ್ಟಿಲ ಕಾರ್ಯಕ್ರಮಕ್ಕೆ ಹೋಗಿದ್ದೆವು. ನಮ್ಮವರು ಮಿಲ್ಲಿನಲ್ಲಿ ಕೆಲಸಕ್ಕಿದ್ದರು, ಆಗಷ್ಟೇ ಒಂದು ಟೇಪ್‌ರೆಕಾರ್ಡರ್ ಕೊಂಡಿದ್ದರು. ಅದನ್ನು ಮಗುವಿನ ಹಾಗೆ ತೊಡೆಯ ಮೇಲಿಟ್ಟುಕೊಂಡೇ ಬಂದಿದ್ದರು. ಹೆಂಗಸರೆಲ್ಲ ಒತ್ತಾಯ ಮಾಡಿದರು, ನಾವಿಬ್ಬರೂ ಹಾಡಿದೆವು, ಅವರು ಕೆಂಪು ಗುಂಡಿ ಒತ್ತಿದರು. ವಾಪಸ್ ಬರುವಾಗ ಬಸ್ಸಿನಲ್ಲಿ ಕೇಳಿದರು: "ಭಾಳ ಚಂದ ಐತಿ ಆ ಹಾಡು. ನೀಲಾಬಾಯಿಯವರು ಕಟ್ಟಿದ್ದೇನು?"

"ಹೂಂ" ಎಂದೆ.

ಯಾಕೆ ಹಾಗಂದೆನೋ. ಒಂದು ಮಾತಿನಲ್ಲಿ ಮುಗಿಯುತ್ತಿತ್ತು. ಆದರೆ ಅವರು ಅವಳ ಹೆಸರು ಹಿಡಿದೇ ಕೇಳಿದರಲ್ಲ, ಆ ಸಿಟ್ಟಿಗೆ ಹೂಂ ಎಂದೆ. ಆಮೇಲೆ ಪ್ರತಿ ಭಾನುವಾರ ಗಡ್ಡ ಮಾಡಿಕೊಳ್ಳುವಾಗ ಆ ಕ್ಯಾಸೆಟ್ ಹಚ್ಚುತ್ತಿದ್ದರು, ನೀಲಾಳ ಸಾಲಿಗೆ ಬ್ಲೇಡ್ ನಿಲ್ಲಿಸಿ ಕೇಳುತ್ತಿದ್ದರು, ನನ್ನ ಸಾಲಿಗೆ ಮತ್ತೆ ಗಡ್ಡ ಕೆರೆಯುತ್ತಿದ್ದರು. ಬೇಕಂತ ಮಾಡುತ್ತಿರಲಿಲ್ಲ, ಪಾಪ. ಸತ್ಯ ತಿಳಿಯದೆಯೇ ತೀರಿಕೊಂಡರು.

ಇಷ್ಟು ನಿಮಗೆ ಗೊತ್ತಿರಲಿ. ಈಗ ರಿಂಗ್‌ಟೋನಿಗೆ ಬರುತ್ತೇನೆ.

ದಾಂಡೇಲಿಯ ಅಂಬೇವಾಡಿಯಲ್ಲಿರುವ ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ರೆಹಾನಾ ಟೇಲರಿಂಗ್ ಇಟ್ಟಿದ್ದಾಳೆ. ನನ್ನ ಕೈಯಲ್ಲಿ ಕಲಿತವಳು, ಹಾಗಾಗಿ ಮೂರು ಮಕ್ಕಳ ತಾಯಿಯಾದರೂ ನನಗೆ "ಮಿಸ್" ಅಂತಲೇ ಅನ್ನುತ್ತಾಳೆ. ಒಂದು ದಿನ ಅವಳ ಮೊಬೈಲಿನಲ್ಲಿ ಪುಟ್ಟ ಹುಡುಗಿಯೊಂದು ಹಾಡಲು ಶುರುಮಾಡಿತು. "ನಮ್ಮ ಸಣ್ಣಾಕಿದು ಮಿಸ್. ನಾನೇ ಕಟ್ ಮಾಡಿ ರಿಂಗ್‌ಟೋನ್ ಇಟ್ಟೀನಿ" ಎಂದಳು. "ಯಾರ ದನಿ ಬೇಕಾದರೂ ಇಡಬಹುದಾ?" ಎಂದೆ. "ಯಾರದಾದ್ರೂ ಇಡಬಹುದು. ಒಬ್ಬೊಬ್ಬರ ನಂಬರಿಗೆ ಒಂದೊಂದು ಬ್ಯಾರೆ ಬ್ಯಾರೆ ಇಡಬಹುದು" ಎಂದಳು.

ಆ ರಾತ್ರಿ ನನಗೆ ಅದೇ ವಿಚಾರ. ಮರುದಿನ ಅಟ್ಟದಿಂದ ಟೇಪ್‌ರೆಕಾರ್ಡರ್ ಇಳಿಸಿದೆ. ಫ್ಯಾನ್ ಬಂದ್ ಮಾಡಿ, ಹೊಲಿಗೆ ಮಷೀನು ನಿಲ್ಲಿಸಿ, ಕ್ಯಾಸೆಟ್ ಹಚ್ಚಿ, ಅದರ ಮುಂದೆ ನನ್ನ ಮೊಬೈಲ್ ಇಟ್ಟು ರೆಕಾರ್ಡ್ ಮಾಡಿಕೊಂಡೆವು. ಆಮೇಲೆ ರೆಹಾನಾ ಆ್ಯಪ್ ತೆರೆದಳು. ಹಾಡು ಬಾಚಣಿಗೆಯ ಹಲ್ಲಿನ ಹಾಗೆ ಗೆರೆಗೆರೆಯಾಗಿ ಕಾಣಿಸಿತು. ಎರಡು ಕಡೆ ಎರಡು ಗುರುತು, ಬೆರಳಿನಿಂದ ಎಳೆದರೆ ಮುಂದೆ ಹಿಂದೆ ಸರಿಯುತ್ತವೆ. ನಡುವೆ ಇದ್ದಷ್ಟು ಉಳಿಯುತ್ತದೆ, ಉಳಿದದ್ದು ಹೋಗುತ್ತದೆ. ಕತ್ತರಿಯ ಚಿತ್ರವೂ ಇತ್ತು.

"ಎಲ್ಲಿಂದ ಎಲ್ಲಿತನ ಮಿಸ್?"

"ನನ್ನ ಸಾಲು ಅಷ್ಟೇ."

ಅವಳು ಗುರುತು ಎಳೆದು ಹಾಡಿಸಿದಳು. ನೀಲಾಳ "ಐತಿ" ಎಂಬುದರ ಬಾಲ ಕೇಳಿಸಿ ಆಮೇಲೆ ನನ್ನ ದನಿ ಬಂತು. "ಅದನ್ನೂ ತೆಗಿ" ಎಂದೆ. "ಮಿಸ್, ಒಂದೀಟ ಬಿಡಬೇಕ್ರಿ. ಬ್ಲೌಸಿಗೂ ಒಳಗ ಮಾರ್ಜಿನ್ ಬಿಡೂದಿಲ್ಲೇನು? ಪೂರಾ ಕೊಯ್ದ್ರ ಹೊಲಿಗಿ ಬಿಚ್ಚತೈತಿ" ಎಂದಳು. "ಬಿಚ್ಚಿದರೆ ಬಿಚ್ಚಲಿ, ತೆಗಿ" ಎಂದೆ. ತೆಗೆದಳು. ಈಗ ನನ್ನ ದನಿ ಒಂದೇ. "ಕಾಳೀ ಹೊಳಿಯೇ, ಒಂದೀಟು ನಿಲ್ಲೇ, ಮಾತೊಂದೈತಿ." ಜೀವಮಾನದಲ್ಲಿ ಮೊದಲ ಸಲ ನನ್ನ ಹಾಡನ್ನು ನಾನೇ ಮೊದಲು ಹೇಳಿದ್ದೆ.

"ಯಾರ ನಂಬರಿಗೆ ಇಡ್ಲಿ?" ಎಂದಳು. "ನೀಲಾಳ ನಂಬರಿಗೆ" ಎಂದೆ. ಅವಳು ಫೋನ್ ಮಾಡಿದಾಗಲೆಲ್ಲ ಅವಳಿಗಿಂತ ಮೊದಲು ನಾನು ಹಾಡಬೇಕು. ಎಂಥ ಸಿಲ್ಲಿ ಖುಷಿ! ಅವಳಿಗೆ ಅದು ಕೇಳಿಸುವುದೂ ಇಲ್ಲ. ಆದರೂ.

"ಪೂರಾ ಹಾಡಿನ ಫೈಲ್ ಇಟ್ಕೋತೀರೇನ್ರಿ? ಜಾಗ ತಿಂತೈತಿ." "ಬೇಡ, ಡಿಲೀಟ್ ಮಾಡು." ಮಾಡಿದಳು. ನನ್ನ ಸಾಲು ಕ್ಯಾಸೆಟ್ಟಿನಲ್ಲಿ ಇನ್ನೊಮ್ಮೆ ಕೇಳುವ ಆಸೆಯಾಗಿ ಅವತ್ತು ಸಂಜೆ ರಿವೈಂಡ್ ಒತ್ತಿದೆ. ಟೇಪು ಒಳಗೆ ಸಿಕ್ಕಿಕೊಂಡು ಕಿರ್ ಎಂದಿತು. ಎಳೆದೆ. ಶಾವಿಗೆಯ ಹಾಗೆ ಹೊರಬಂದು ಎರಡು ಮೂರು ಕಡೆ ಹರಿಯಿತು. ನಿಜ ಹೇಳುತ್ತೇನೆ, ಆಗ ನನಗೆ ಅಷ್ಟೇನೂ ದುಃಖವಾಗಲಿಲ್ಲ. ನನ್ನದು ಮೊಬೈಲಿನಲ್ಲಿ ಸೇಫ್ ಆಗಿತ್ತಲ್ಲ. ಸುತ್ತಿ ಕಸದ ಬುಟ್ಟಿಗೆ ಹಾಕಿದೆ.

ನೀಲಾಳ ದನಿ ಆಗಲೇ ಕೆಲವು ತಿಂಗಳಿಂದ ಒಡೆದಿತ್ತು. ಫೋನಿನಲ್ಲಿ ಮಾತಾಡಿದರೆ ಗೊಗ್ಗರು ಗೊಗ್ಗರು. "ಗಂಟಲದಾಗ ಏನೋ ಗಂಟು ಐತಂತಲೇ, ಹುಬ್ಬಳ್ಳಿಗೆ ತೋರಸಬೇಕಂತಾನ ನಮ್ಮ ಬಸು" ಎಂದಿದ್ದಳು. ಬಸು ಎಂದರೆ ಅವಳ ಮಗ ಬಸವರಾಜ. "ತೋರಸು" ಎಂದು ನಾನು ಬೇರೆ ಮಾತು ತೆಗೆದಿದ್ದೆ. ನಿಜವಾಗಿ ನನ್ನ ಮನಸ್ಸಿನಲ್ಲಿ ಬಂದದ್ದು ಬೇರೆ. ಬರೆಯಲು ನಾಚಿಕೆಯಾಗುತ್ತದೆ: ಈಗಲಾದರೂ ಸಮ ಆಯಿತು ಎಂದುಕೊಂಡಿದ್ದೆ.

ರಿಂಗ್‌ಟೋನ್ ಇಟ್ಟ ಆರನೆಯ ದಿನವೋ ಏಳನೆಯ ದಿನವೋ. ಮಿಲ್ಲಿನ ಸೈರನ್ನು, ನಮ್ಮ ಕಡೆಯ ಭೋಂಗಾ, ಆಗಿ ಸ್ವಲ್ಪ ಹೊತ್ತಾಗಿತ್ತು, ಹೊರಗೆ ಇನ್ನೂ ಬೆಳಕಿತ್ತು. ನಾನು ರೆಹಾನಾಳ ಕೋಣೆಯಲ್ಲಿ ಹೊಸ ಬ್ಲೌಸಿನ ತೋಳು ಹಾಕಿ ನೋಡುತ್ತಿದ್ದೆ. ಮೊಬೈಲು ಕಟಿಂಗ್ ಟೇಬಲ್ಲಿನ ಮೇಲಿತ್ತು. ಅದು ಹಾಡತೊಡಗಿತು.

"ಕಾಳೀ ಹೊಳಿಯೇ, ಒಂದೀಟು ನಿಲ್ಲೇ, ಮಾತೊಂದೈತಿ."

ನನ್ನ ದನಿಯಲ್ಲ. ನೀಲಾಳದು.

ಕ್ಯಾಸೆಟ್ಟಿನ ನೀಲಾಳೂ ಅಲ್ಲ. ಆ ಹಳೆಯ ಟೇಪಿನ ಸರಸರ ಸದ್ದು ಅದರಲ್ಲಿ ಇರಲಿಲ್ಲ, ಆ ಎಳೆಯ ದನಿಯೂ ಇರಲಿಲ್ಲ. ಇದು ಒಡೆದ ದನಿ, ಮುದುಕಿಯ ದನಿ. ಆದರೆ ಸ್ವರ ಎಲ್ಲಿ ನಿಲ್ಲಬೇಕೋ ಅಲ್ಲಿಯೇ ನಿಲ್ಲುತ್ತಿತ್ತು. ರೆಹಾನಾ ಬಾಯಲ್ಲಿದ್ದ ಗುಂಡುಸೂಜಿ ತೆಗೆದು ಕೇಳಿದಳು: "ಅರೆ, ಯಾರ್ರೀ ಮಿಸ್ ಇವರು? ವಯಸ್ಸಾದವರ ದನಿ. ಆದ್ರೂ ಹೆಂಗ ಎಳದು ಕರಿತೈತಿ ನೋಡ್ರಿ!"

ನೀವಾದರೆ ಹೆದರುತ್ತಿದ್ದಿರೋ ಏನೋ. ನನಗೆ ಭಯವಾಗಲಿಲ್ಲ, ಹೊಟ್ಟೆ ಉರಿಯಿತು. ನನ್ನ ಫೋನು, ನನ್ನ ಹಾಡು, ನಾನೇ ಕೂತು ಕೊಯ್ದ ತುಂಡು. ಅದರಲ್ಲೂ ಇವಳೇ ಮುಂದೆ. ಅದೂ ಒಡೆದ ದನಿಯಲ್ಲಿ. ಅದನ್ನೂ ಮೆಚ್ಚುವವರು ನನ್ನ ಮನೆಯಲ್ಲೇ ಸಿಗಬೇಕು.

ಸಾಲು ಮುಗಿಯಿತು. ಆಮೇಲೆ ಏನೂ ಇಲ್ಲ, ನಿಶ್ಶಬ್ದ. ಫೋನು ಮಾತ್ರ ಟೇಬಲ್ಲಿನ ಮೇಲೆ ಗುರುಗುಡುತ್ತಿತ್ತು, ಗಾಜಿನ ಮೇಲೆ ಅವಳ ಹೆಸರು. ಮತ್ತೆ ಅದೇ ಸಾಲು, ಮತ್ತೆ ಅದೇ ನಿಶ್ಶಬ್ದ.

"ಎತ್ರಿ ಮಿಸ್, ಕಟ್ ಆಗ್ತೈತಿ!"

"ತಡಿ, ನನ್ನದು ಬರ್ತೈತಿ" ಎಂದೆ.

ಇದನ್ನು ನಾನು ಅಂದದ್ದು ಹೌದು. ರೆಹಾನಾ ಈಗಲೂ ನೆನಪು ಮಾಡುತ್ತಾಳೆ. ಅವಳದಾದ ಮೇಲೆ ನನ್ನ ಸಾಲು ಬರಲೇಬೇಕು, ಬಂದ ಮೇಲೆ ಎತ್ತುತ್ತೇನೆ ಎಂದು ಒಂದು ತೋಳಿನ ಬ್ಲೌಸಿನಲ್ಲಿ ನಿಂತು ಕಾದೆ. ಬರಲಿಲ್ಲ. ರಿಂಗು ನಿಂತಿತು. ಸ್ವಲ್ಪ ಹೊತ್ತಿಗೆ ಎರಡನೆಯ ಸಲ ಬಂತು, ಹಾಗೆಯೇ: ಅವಳ ಸಾಲು, ನಿಶ್ಶಬ್ದ, ಅವಳ ಸಾಲು, ನಿಶ್ಶಬ್ದ. ಮೂರನೆಯ ಸಲ ಒಂದೇ ಒಂದು ಬಾರಿ ಹಾಡಿತು. ಆ ಸಲದ ನಿಶ್ಶಬ್ದ ಉದ್ದವಾಗಿತ್ತು. ಅಲ್ಲಿಗೆ ಮುಗಿಯಿತು.

ತಿರುಗಿ ನಾನೇ ಫೋನ್ ಮಾಡಬಹುದಿತ್ತು. ಮಾಡಲಿಲ್ಲ. ನಾಳೆ ಮಾಡಿದರಾಯಿತು ಎಂದುಕೊಂಡೆ. ರೆಹಾನಾ ನನ್ನ ಮುಖ ನೋಡಿ ಫೋನ್ ತೆಗೆದುಕೊಂಡು, ನೀಲಾಳ ನಂಬರಿಗೆ ಇಟ್ಟ ರಿಂಗ್‌ಟೋನ್ ಹಚ್ಚಿದಳು. ನನ್ನ ದನಿ ಬಂತು. ನನ್ನದು ಮಾತ್ರ. ಮತ್ತೆ ಹಚ್ಚಿದಳು, ನನ್ನದೇ. "ಆಗ ಕೇಳಿದ್ದು ಇದಲ್ಲಲ್ರಿ ಮಿಸ್" ಎಂದಳು.

ಮರುದಿನ ಫೋನ್ ಮಾಡಿದೆ, ಸ್ವಿಚ್ ಆಫ್. ಅದರ ಮರುದಿನ ಬಸವರಾಜ ತನ್ನ ಫೋನಿನಿಂದ ಮಾಡಿದ. ಹುಬ್ಬಳ್ಳಿಯ ಆಸ್ಪತ್ರೆಯಲ್ಲಿದ್ದರು. ಗಂಟು ಕೆಟ್ಟದ್ದಾಗಿತ್ತಂತೆ. ದನಿಪೆಟ್ಟಿಗೆಯನ್ನೇ ತೆಗೆಯಬೇಕಾಯಿತಂತೆ. ಆಪರೇಶನ್ ಚೆನ್ನಾಗಿ ಆಗಿದೆ, ಜೀವಕ್ಕೆ ಏನೂ ಭಯವಿಲ್ಲ, ಇನ್ನು ಮಾತು ಮಾತ್ರ ಬರುವುದಿಲ್ಲ ಎಂದ.

"ಆಪರೇಶನ್ ಹಿಂದಿನ ದಿನ ಸಂಜಿಮುಂದ ನಿಮಗ ಮೂರು ಸಲ ಹಚ್ಚಿದ್ಲು ಮೌಶಿ. ಬ್ಯಾರೆ ಯಾರಿಗೂ ಹಚ್ಚಲಿಲ್ಲ. ಫೋನ್ ಕಿವಿಗೆ ಹಿಡ್ಕೊಂಡು ಏನೋ ಹಾಡಾಕತ್ತಿದ್ಲು. 'ಯವ್ವಾ, ಅವ್ರು ಇನ್ನೂ ಎತ್ತಿಲ್ಲ, ಯಾರ ಮುಂದ ಹಾಡ್ತಿ?' ಅಂತ ನಾ ನಕ್ಕೆ. 'ಅಕಿ ಕೇಳ್ಯಾಳ ಬಿಡು' ಅಂದ್ಲು. ಅದ ಕಡೀದು ನೋಡ್ರಿ ಮೌಶಿ, ಆಮ್ಯಾಲೆ ಅಕಿ ಮಾತಾಡಲಿಲ್ಲ."

ಫೋನಿಟ್ಟೆ. ಆ ನಿಶ್ಶಬ್ದದ ಅಳತೆ ಆಗ ನೆನಪಾಯಿತು. ಸಾಲು ಹೇಳಿ ಬಿಟ್ಟ ಜಾಗ ಅದು, ಹಿಂದೆ ಹೇಳುವವಳಿಗೆ ಬಿಡುವ ಜಾಗ. ನನ್ನ ಸಾಲು ಫೋನಿನಿಂದ ಬರುತ್ತದೆಂದು ನಾನು ಕಾಯುತ್ತ ನಿಂತಿದ್ದೆ. ನನ್ನ ಬಾಯಿ ನನ್ನ ಹತ್ತಿರವೇ ಇತ್ತು.

ಒಂದೂವರೆ ತಿಂಗಳ ಮೇಲೆ ಹಳಿಯಾಳಕ್ಕೆ ಹೋದೆ. ಬಸ್ಸಿನಲ್ಲಿ ಏನೇನು ಹೇಳಬೇಕೆಂದು ಮನಸ್ಸಿನಲ್ಲೇ ರಿಹರ್ಸಲ್ ಮಾಡಿಕೊಂಡಿದ್ದೆ. ನೀಲಾ ಕುತ್ತಿಗೆಗೆ ತೆಳುವಾದ ಬಟ್ಟೆ ಸುತ್ತಿಕೊಂಡು ಪಡಸಾಲೆಯಲ್ಲಿ ಕೂತಿದ್ದಳು, ಮಡಿಲಲ್ಲಿ ಮೊಮ್ಮಗಳ ಪಾಟಿ. ನನ್ನನ್ನು ನೋಡಿ ಬಳಪ ಹುಡುಕಿ ಮೊದಲು ಬರೆದದ್ದು: "ಎಷ್ಟು ದಪ್ಪ ಆಗೀಯಲೇ!" ಇಬ್ಬರೂ ನಕ್ಕೆವು. ಅವಳ ನಗೆಗೆ ಸದ್ದಿರಲಿಲ್ಲ, ಹೆಗಲಷ್ಟೇ ಕುಲುಕುತ್ತಿತ್ತು. ನನ್ನ ನಗು ನಡುವೆಯೇ ನಿಂತುಹೋಯಿತು.

ಬಸವರಾಜನ ಹೆಂಡತಿ ಚಹಾ ತಂದಳು. "ಮೌಶಿ, ತೊಟ್ಟಲದಾಗಿನ ಕ್ಯಾಸೆಟ್ ಒಂದು ನಿಮ್ಮ ಹತ್ರ ಐತಂತಲ್ರಿ. ಅತ್ತಿಯವರ ದನಿ ಬ್ಯಾರೆ ಎಲ್ಲೂ ಇಲ್ರಿ. ದಿನಾ ಮನ್ಯಾಗ ಹಾಡಾಕಿ, ಯಾರು ರೆಕಾರ್ಡ್ ಮಾಡ್ತಾರ್ರಿ? ಮಕ್ಕಳಿಗೆ ಕೇಳಸಬೇಕಿತ್ತು" ಎಂದಳು.

ರಿಹರ್ಸಲ್ ಮಾಡಿದ್ದೆಲ್ಲ ಮರೆತುಹೋಯಿತು. ಅವಳು ಒಳಗೆ ಹೋದ ಮೇಲೆ ನೀಲಾಳಿಗೆ ಇದ್ದದ್ದು ಇದ್ದಂತೆ ಹೇಳಿದೆ. ಕತ್ತರಿಸಿದ್ದು, ಡಿಲೀಟ್ ಮಾಡಿಸಿದ್ದು, ಟೇಪು ಹರಿದದ್ದು, ಹರಿದಾಗ ದುಃಖವಾಗದೇ ಇದ್ದದ್ದು. ಬಸ್ಸಿನಲ್ಲಿ ನಮ್ಮವರಿಗೆ "ಹೂಂ" ಎಂದದ್ದೂ. ಅವಳು ನನ್ನ ಮುಖವನ್ನೇ ನೋಡುತ್ತ ಕೇಳಿದಳು. ಬೆರಳು ಮಾಡಿ ಫೋನ್ ತೋರಿಸಿದಳು, ಹಚ್ಚು ಎನ್ನುವ ಹಾಗೆ. ಹಚ್ಚಿದೆ. ನನ್ನ ದನಿ ಆ ಪಡಸಾಲೆಯಲ್ಲಿ ಒಂಟಿಯಾಗಿ ಕೂಗಿತು. ಎಷ್ಟು ಸಾಧಾರಣ ದನಿ! ಯಾರೋ ಹೇಳಿದ್ದನ್ನು ತಿರುಗಿ ಹೇಳುತ್ತಿದೆ ಎಂದು ಯಾರಿಗಾದರೂ ಗೊತ್ತಾಗುವಂತಿತ್ತು.

ನೀಲಾ ಪಾಟಿ ತೆಗೆದುಕೊಂಡು ಬರೆದಳು: "ಹೋಗಲಿ ಬಿಡು. ಹಾಡು ನಿಂದೇ ಇತ್ತಲ್ಲ."

"ಅವತ್ತು ನೀ ಹಾಡಿದ್ದು ನನಗ ಕೇಳಿಸ್ತು ನೀಲಾ. ಫೋನ್ ಎತ್ತಲಾರದನ ಕೇಳಿಸ್ತು. ಅದು ಹೆಂಗ?" ಎಂದೆ. ಅವಳು ನನ್ನನ್ನು ನೋಡಿದಳು. ಆಶ್ಚರ್ಯವಿರಲಿಲ್ಲ ಆ ನೋಟದಲ್ಲಿ. "ಏನು ಹೇಳೂದಿತ್ತು ನಿನಗ?" ಎಂದೆ. ಬಳಪ ಪಾಟಿಯ ಮೇಲಿಟ್ಟಳು, ಒಂದು ಅಕ್ಷರ ಮೂಡಿಸಿದಳು, ಸೆರಗಿನಿಂದ ಒರೆಸಿದಳು. ಆಮೇಲೆ ಬರೆದಳು: "ಅದು ಬರಿಯಾಕ ಬರೂದಿಲ್ಲ."

ನಾನು ಬುದ್ಧಿಯ ಲೈಟುಗಳನ್ನೆಲ್ಲ ಹಾಕಿ ನೋಡಿದ್ದೇನೆ. ಫೋನಿನಲ್ಲಿ ಬೇರೆ ಫೈಲ್ ಇತ್ತೇ ಎಂದು ಜೋಯಿಡಾದಲ್ಲಿರುವ ನನ್ನ ತಂಗಿಯ ಮಗ, ಇಂಥದ್ದನ್ನೇ ಓದಿದವನು, ಪೂರ್ತಿ ಜಾಲಾಡಿದ. ಇಲ್ಲ. ಎತ್ತುವ ಮೊದಲೇ ಆಚೆಯ ದನಿ ಈಚೆ ಬರುತ್ತದೆಯೇ ಎಂದರೆ, "ಚಾನ್ಸೇ ಇಲ್ಲ ಮೌಶಿ" ಎಂದ. ನನ್ನ ಕಿವಿಯ ಭ್ರಮೆ ಎನ್ನೋಣವೆಂದರೆ ರೆಹಾನಾ ಕೇಳಿದ್ದಾಳೆ. ಅವಳು ನೀಲಾಳನ್ನು ಕಂಡವಳೇ ಅಲ್ಲ. ಕ್ಯಾಸೆಟ್ಟಿನಲ್ಲಿ ಅವಳು ಕೇಳಿದ್ದು ಎಳೆಯ ದನಿ. ಅವತ್ತಿನದು ಮುದುಕಿಯ ದನಿ ಎಂದು ಮೊದಲು ಹೇಳಿದವಳೇ ಅವಳು.

ಈಗ ನೀಲಾ ದಿನಾ ಸಂಜೆ ನನಗೆ ಒಂದು ಮಿಸ್ಡ್ ಕಾಲ್ ಕೊಡುತ್ತಾಳೆ. ಆರಾಮ ಇದ್ದೇನೆ ಎಂದು ಅದರ ಅರ್ಥ. ನಾನು ರಿಂಗ್‌ಟೋನ್ ಬದಲಿಸಿಲ್ಲ. ಮಿಲ್ಲಿನ ಭೋಂಗಾ ಆದ ಮೇಲೆ ರೆಹಾನಾ ತಾನಾಗಿಯೇ ಮಷೀನು ನಿಲ್ಲಿಸುತ್ತಾಳೆ, ಫೋನು ಕಟಿಂಗ್ ಟೇಬಲ್ಲಿನ ಮೇಲಿರುತ್ತದೆ. "ಏನ ದನಿರೀ ಮಿಸ್ ಅದು ಆವತ್ತಿಂದು" ಎಂದು ಅವಳು ಒಮ್ಮೊಮ್ಮೆ ಅಂದರೆ ಈಗಲೂ ನನಗೆ ಒಳಗೆ ಚುರ್ ಎನ್ನುತ್ತದೆ. ಸುಳ್ಳು ಯಾಕೆ ಹೇಳಲಿ.

ಆಮೇಲೆ ಫೋನು ಹಾಡುತ್ತದೆ. ನಾನು ಎತ್ತುವುದಿಲ್ಲ, ಬಾಯಿ ಸ್ವಲ್ಪ ತೆರೆದುಕೊಂಡು, ಉಸಿರು ಸಿದ್ಧ ಮಾಡಿಕೊಂಡು ಕಾಯುತ್ತೇನೆ, ಈ ಸಲ ಅವಳು ಮುಂದೆ ಹೇಳಿದರೆ ಹಿಂದೆ ಹೇಳೋಣವೆಂದು. ಒಂದೀಟು ನಿಲ್ಲೇ, ಮಾತೊಂದೈತಿ ಎನ್ನುತ್ತದೆ ಅದು, ಮತ್ತೆ ಮತ್ತೆ, ನಡುವೆ ಜಾಗವೇ ಬಿಡದೆ. ದಿನಾಲೂ ನನ್ನ ದನಿಯೇ. ನಾನು ಕೊಯ್ದಿಟ್ಟಷ್ಟೇ.